ಮೋಡ ಗುಡ್ಡದ ಮೇಲೆ, ಎಚ್ಚರಿಕೆ ಜಿಲ್ಲೆಯ ಮೇಲೆ: ಬೇಸಿಗೆ ಮಳೆಯ ಮುನ್ಸೂಚನೆ ಎಡವುವುದೆಲ್ಲಿ?

ಬೇಸಿಗೆಯ ಒಂದು ಮಧ್ಯಾಹ್ನ ಯರಗಟ್ಟಿ ಸರ್ಕಲ್‌ನಲ್ಲಿ ನಿಂತು ನೋಡಿ. ಬೆಳಗಾವಿ–ಬಾಗಲಕೋಟೆ ರಸ್ತೆಯೂ ಸವದತ್ತಿ–ಗೋಕಾಕ ರಸ್ತೆಯೂ ಕೂಡುವ ಜಾಗ. ಬಸ್ಸಿಗೆ ಕಾಯುವವರು, ಚಹಾದಂಗಡಿಯ ಮುಂದೆ ನಿಂತವರು, ಎಲ್ಲಮ್ಮನ ಗುಡ್ಡಕ್ಕೆ ಹೊರಟ ಟೆಂಪೊಗಳು. ಅಷ್ಟರಲ್ಲಿ ಮೊಬೈಲಿಗೆ ಸಂದೇಶ ಬರುತ್ತದೆ: ಮುಂದಿನ ಮೂರು ಗಂಟೆಗಳಲ್ಲಿ ಬೆಳಗಾವಿ ಜಿಲ್ಲೆಯ ಅಲ್ಲಲ್ಲಿ ಗುಡುಗು, ಸಿಡಿಲು, ಬಿರುಗಾಳಿ ಸಹಿತ ಮಳೆಯಾಗುವ ಸಾಧ್ಯತೆ.

ಓದಿದವರು ಒಮ್ಮೆ ಆಕಾಶ ನೋಡುತ್ತಾರೆ, ಮೊಬೈಲನ್ನು ಕಿಸೆಗೆ ಹಾಕಿಕೊಳ್ಳುತ್ತಾರೆ. ಅವರಲ್ಲಿ ಯಾರಾದರೂ ಒಬ್ಬರು ಕೇಳುವ ಪ್ರಶ್ನೆ ಇದು: "ಜಿಲ್ಲಾ ಅಂದ್ರ ಯಾವ ಕಡೆರೀ? ಖಾನಾಪುರನೂ ಜಿಲ್ಲಾನ, ನಮ್ಮ ರಾಮದುರ್ಗನೂ ಜಿಲ್ಲಾನ."

ಇದನ್ನು ಕುಹಕ ಅಂತ ತಳ್ಳಿಹಾಕಬೇಡಿ. ಬೇಸಿಗೆ ಮಳೆಯ ಮುನ್ಸೂಚನೆಯ ಬಗ್ಗೆ ಕೇಳಬಹುದಾದ ಅತಿ ಮುಖ್ಯ ತಾಂತ್ರಿಕ ಪ್ರಶ್ನೆ ಇದೇ. ಬೆಳಗಾವಿ ಜಿಲ್ಲೆಯ ವಿಸ್ತೀರ್ಣ 13,400 ಚದರ ಕಿಲೋಮೀಟರಿಗೂ ಹೆಚ್ಚು. ಪಶ್ಚಿಮದಲ್ಲಿ ಕಣಕುಂಬಿ, ಆಮಗಾಂವ್ ಕಡೆ ವರ್ಷಕ್ಕೆ ಸಾವಿರಾರು ಮಿಲಿಮೀಟರ್ ಮಳೆ ಸುರಿಯುತ್ತದೆ. ಪೂರ್ವದಲ್ಲಿ ಸವದತ್ತಿ, ರಾಮದುರ್ಗ ಭಾಗಕ್ಕೆ ವರ್ಷವಿಡೀ ಸೇರಿ 500–600 ಮಿ.ಮೀ. ಬಂದರೆ ಪುಣ್ಯ. ಈ ಎರಡಕ್ಕೂ ಒಂದೇ ಸಂದೇಶ ಕಳಿಸಿದರೆ ಅದನ್ನು ಸುಳ್ಳೆನ್ನಲು ಆಗುವುದಿಲ್ಲ. ಆದರೆ ಅದರಿಂದ ಯಾರ ಕೆಲಸವೂ ಆಗುವುದಿಲ್ಲ.

ನನ್ನ ವಾದ ಇಷ್ಟು: ಗುಡ್ಡದ ಬುಡದ ಊರುಗಳಲ್ಲಿ ಬೇಸಿಗೆಯ ಗುಡುಗು ಮಳೆಯೂ ದಿಢೀರ್ ಪ್ರವಾಹವೂ ಜೀವ ತೆಗೆಯುವುದು ವಿಜ್ಞಾನ ಇಲ್ಲದ್ದಕ್ಕಲ್ಲ. ಅಪಾಯ ಒಂದು ಹಳ್ಳದಷ್ಟು ಅಗಲ, ಒಂದು ಗಂಟೆಯಷ್ಟು ಉದ್ದ. ನಮ್ಮ ಎಚ್ಚರಿಕೆ ಒಂದು ಜಿಲ್ಲೆಯಷ್ಟು ಅಗಲ, ಒಂದು ದಿನದಷ್ಟು ಉದ್ದ. ಇವೆರಡರ ನಡುವಿನ ಅಂತರವನ್ನು ತುಂಬುವ ಸಲಕರಣೆ ನಮ್ಮ ಪಂಚಾಯಿತಿಗಳಲ್ಲೇ ಇದೆ. ಅದನ್ನು ಆ ಕೆಲಸಕ್ಕೆ ಹಚ್ಚಿಲ್ಲ, ಅಷ್ಟೇ.

ಮಧ್ಯಾಹ್ನದ ಧಗೆ, ಸಂಜೆಯ ಮಳೆ

"ಮಧ್ಯಾಹ್ನ ಧಗಿ ಹೆಚ್ಚಾತಂದ್ರ ಸಂಜಿಗೆ ಮಳಿ ಗ್ಯಾರಂಟಿ" ಅಂತ ನಮ್ಮ ಕಡೆ ಹಿರಿಯರು ಹೇಳುತ್ತಾರೆ. ಹವಾಮಾನ ಶಾಸ್ತ್ರದ ಪುಸ್ತಕವೂ ಹೆಚ್ಚು ಕಡಿಮೆ ಅದನ್ನೇ ಹೇಳುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಎರೆಹೊಲವೂ ಮಡ್ಡಿಯೂ ಕಾದು ಹಂಚಾಗಿರುತ್ತವೆ. ನೆಲಕ್ಕೆ ತಾಗಿದ ಗಾಳಿ ಬಿಸಿಯಾಗಿ, ಹಗುರಾಗಿ ಮೇಲೇಳಲು ನೋಡುತ್ತದೆ. ಬರೀ ಬಿಸಿಯಿದ್ದರೆ ಸುಂಟರಗಾಳಿ, ಧೂಳು ಎದ್ದು ಮುಗಿಯುತ್ತದೆ. ಅರಬ್ಬಿ ಸಮುದ್ರದ ಕಡೆಯಿಂದಲೋ ಬಂಗಾಳಕೊಲ್ಲಿಯ ಕಡೆಯಿಂದಲೋ ತೇವ ಬಂದು ಸೇರಿದರೆ ಮಾತ್ರ ಮೋಡ ಕಟ್ಟುತ್ತದೆ. ಈ ಕಾಲದಲ್ಲಿ ಮಧ್ಯ ಭಾರತದಿಂದ ಮಹಾರಾಷ್ಟ್ರ, ಕರ್ನಾಟಕದ ಒಳನಾಡಿನ ಮೂಲಕ ದಕ್ಷಿಣಕ್ಕೆ ಹಾಯುವ ಒಂದು ಕಡಿಮೆ ಒತ್ತಡದ ಪಟ್ಟಿ ಆಗಾಗ ಏರ್ಪಡುತ್ತದೆ. ಎರಡು ದಿಕ್ಕಿನ ಗಾಳಿ ಅದರುದ್ದಕ್ಕೂ ಎದುರಾಗುತ್ತವೆ. ಅಂಥ ದಿನ ಹವಾಮಾನ ಇಲಾಖೆ "ಉತ್ತರ ಒಳನಾಡಿನಲ್ಲಿ ಗುಡುಗು ಸಹಿತ ಮಳೆ" ಅಂದರೆ ಮಾತು ಬಹುಮಟ್ಟಿಗೆ ನಿಜವಾಗುತ್ತದೆ.

ಗುಡ್ಡದ ಪಾತ್ರ ಶುರುವಾಗುವುದು ಇಲ್ಲಿ. ಸವದತ್ತಿ, ರಾಮದುರ್ಗ, ಗೋಕಾಕ ಸುತ್ತಲಿನ ಗುಡ್ಡಗಳು ಸಹ್ಯಾದ್ರಿಯಷ್ಟು ಎತ್ತರದವಲ್ಲ. ಆದರೆ ಬಯಲಿನ ನಡುವೆ ಕಲ್ಲಿನ ಗೋಡೆಯಂತೆ ಎದ್ದು ನಿಂತಿವೆ. ಬಿಸಿಲಿಗೆ ಗುಡ್ಡದ ಮೈ ಕಾಯ್ದಾಗ ಅದರ ಮೇಲಿನ ಗಾಳಿ, ಅದೇ ಎತ್ತರದಲ್ಲಿ ಬಯಲಿನ ಮೇಲಿರುವ ಗಾಳಿಗಿಂತ ಬೇಗ ಬಿಸಿಯಾಗುತ್ತದೆ. ಎದುರು ಬಂದ ಗಾಳಿಯನ್ನೂ ಗುಡ್ಡ ಮೇಲಕ್ಕೆ ನೂಕುತ್ತದೆ. ಹಾಗಾಗಿ ಮೊದಲ ಮೋಡ ಗುಡ್ಡದ ನೆತ್ತಿಯಲ್ಲೇ ಕಟ್ಟುವುದು ಹೆಚ್ಚು. ಅಲ್ಲಿ ಒಮ್ಮೆ ಮಳೆ ಸುರಿದರೆ ಅದರ ಜೊತೆ ತಣ್ಣನೆಯ ಗಾಳಿ ಕೆಳಗಿಳಿದು ಸುತ್ತ ಹರಡುತ್ತದೆ. ಮಳೆಗೆ ಮುಂಚೆ ಬೀಸುವ ಆ ತಂಪು ಬಿರುಗಾಳಿಯೇ ಪಕ್ಕದ ಬಿಸಿ ಗಾಳಿಯನ್ನು ಎತ್ತಿ ಇನ್ನೊಂದು ಮೋಡ ಹುಟ್ಟಿಸುತ್ತದೆ.

ಒಂದೊಂದು ಮೋಡದ ಆಯುಷ್ಯ ಅರ್ಧ ಗಂಟೆಯಿಂದ ಒಂದು ಗಂಟೆ. ಅಗಲ ಐದರಿಂದ ಹತ್ತು ಕಿಲೋಮೀಟರ್. ಗಾಳಿ ಜೋರಾಗಿದ್ದರೆ ಮೋಡ ಓಡುತ್ತದೆ, ಮಳೆ ಹಂಚಿಹೋಗುತ್ತದೆ. ಮೇಲಿನ ಗಾಳಿ ಮಂದವಾಗಿದ್ದರೆ ಮೋಡ ನಿಂತಲ್ಲೇ ನಿಂತು ಸುರಿಯುತ್ತದೆ. ಇಲ್ಲವೇ ಒಂದರ ಹಿಂದೆ ಒಂದು ಅದೇ ಗುಡ್ಡದ ಮೇಲೆ ಹಾಯುತ್ತವೆ. ಅಪಾಯ ಇರುವುದು ಈ ದಿನಗಳಲ್ಲಿ.

ಕಂಪ್ಯೂಟರಿಗೆ ಗುಡ್ಡ ಕಾಣುತ್ತದೆಯೇ?

ಹವಾಮಾನದ ಮಾದರಿಗಳು ಭೂಮಿಯನ್ನು ಚೌಕಗಳಾಗಿ ಹಂಚಿ ಲೆಕ್ಕ ಹಾಕುತ್ತವೆ. ಹವಾಮಾನ ಇಲಾಖೆಯ ಜಾಗತಿಕ ಮಾದರಿಯ ಚೌಕ ಬಹುಕಾಲ 12 ಕಿಲೋಮೀಟರ್ ಇತ್ತು. 2025ರ ಮೇ 26ರಂದು ಉದ್ಘಾಟನೆಯಾದ 'ಭಾರತ್ ಫೋರ್‌ಕಾಸ್ಟಿಂಗ್ ಸಿಸ್ಟಮ್' ಅದನ್ನು 6 ಕಿಲೋಮೀಟರಿಗೆ ಇಳಿಸಿತು. ಇದು ದೊಡ್ಡ ಹೆಜ್ಜೆಯೇ. ಪುಣೆಯ ಐಐಟಿಎಂ ವಿಜ್ಞಾನಿಗಳು ಇದಕ್ಕಾಗಿ ವರ್ಷಗಟ್ಟಲೆ ದುಡಿದಿದ್ದಾರೆ.

ಆದರೂ ಒಂದು ಲೆಕ್ಕ ನೆನಪಿಡಬೇಕು. ಒಂದು ವಸ್ತುವಿನ ಆಕಾರ ಸರಿಯಾಗಿ ಹಿಡಿಯಬೇಕಾದರೆ ಅದರ ಮೇಲೆ ನಾಲ್ಕಾರು ಚೌಕ ಬೀಳಬೇಕು. ಹತ್ತು ಕಿಲೋಮೀಟರ್ ಅಗಲದ ಮೋಡದ ಮೇಲೆ ಆರು ಕಿಲೋಮೀಟರಿನ ಚೌಕ ಎಷ್ಟು ಬೀಳುತ್ತದೆ? ಎರಡೂ ಇಲ್ಲ. ಮೂರು ಕಿಲೋಮೀಟರ್ ಅಗಲದ ಗುಡ್ಡದ ಸಾಲು ಆ ಲೆಕ್ಕದಲ್ಲಿ ಸವೆದು ಸಣ್ಣ ಉಬ್ಬು ಆಗಿಬಿಡುತ್ತದೆ. ಹಾಗಾಗಿ ಮಾದರಿಯು "ಇವತ್ತು ಈ ಭಾಗದಲ್ಲಿ ಗುಡುಗು ಮಳೆಗೆ ವಾತಾವರಣ ಸಿದ್ಧವಾಗಿದೆ" ಅಂತ ಚೆನ್ನಾಗಿ ಹೇಳಬಲ್ಲದು. "ಸಂಜೆ ಐದಕ್ಕೆ ಶಿರಸಂಗಿಯ ಮೇಲೆ, ಮುನವಳ್ಳಿಯ ಮೇಲಲ್ಲ" ಅಂತ ಬೆಳಿಗ್ಗೆಯೇ ಹೇಳಲಾರದು. ಜಗತ್ತಿನ ಯಾವ ದೇಶದ ಮಾದರಿಯೂ ಅದನ್ನು ಖಚಿತವಾಗಿ ಹೇಳುವ ಮಟ್ಟ ಮುಟ್ಟಿಲ್ಲ.

ಮೋಡ ಕಟ್ಟಿದ ಮೇಲಾದರೂ ಹಿಡಿಯಬಹುದಲ್ಲ? ಅದಕ್ಕೆ ಇರುವುದು ಡಾಪ್ಲರ್ ರೇಡಾರ್. ನಮ್ಮ ಭಾಗವನ್ನು ತನ್ನ ವ್ಯಾಪ್ತಿಯಲ್ಲಿ ಇಟ್ಟುಕೊಂಡಿರುವ ರೇಡಾರ್‌ಗಳಲ್ಲಿ ಒಂದು ಗೋವಾದ ಪಣಜಿಯಲ್ಲಿದೆ. ಅಲ್ಲಿಂದ ಯರಗಟ್ಟಿಗೆ ನೇರ ಗೆರೆ ಎಳೆದರೆ ಸುಮಾರು 135 ಕಿಲೋಮೀಟರ್. ರೇಡಾರ್ ತನ್ನ ಕಿರಣವನ್ನು ಅತಿ ಕೆಳಗೆ ಅಂದರೆ ಅರ್ಧ ಡಿಗ್ರಿ ಓರೆಯಲ್ಲಿ ಬಿಟ್ಟಿತು ಅಂತಿಟ್ಟುಕೊಳ್ಳಿ. ಆ ಓರೆಯೂ ಭೂಮಿಯ ಬಾಗುವಿಕೆಯೂ ಸೇರಿ, ಇಲ್ಲಿಗೆ ಬರುವಷ್ಟರಲ್ಲಿ ಕಿರಣ ರೇಡಾರಿನ ಮಟ್ಟದಿಂದ ಎರಡು ಕಿಲೋಮೀಟರಿಗೂ ಮೇಲೆ ಹಾಯುತ್ತಿರುತ್ತದೆ. ನಡುವೆ ಸಹ್ಯಾದ್ರಿಯೇ ಅಡ್ಡ ಇದೆ. ಹನ್ನೆರಡು ಕಿಲೋಮೀಟರ್ ಎತ್ತರ ಬೆಳೆದ ದೊಡ್ಡ ಮೋಡ ಅದಕ್ಕೆ ಕಾಣುತ್ತದೆ. ಮೋಡದ ಬುಡದಲ್ಲಿ ಏನಾಗುತ್ತಿದೆ, ನೆಲಕ್ಕೆ ನಿಜಕ್ಕೂ ಎಷ್ಟು ಮಳೆ ಬೀಳುತ್ತಿದೆ ಅನ್ನುವುದು ಮಸುಕು. ಕೇಂದ್ರ ಸಂಪುಟ 2024ರ ಸೆಪ್ಟೆಂಬರ್‌ನಲ್ಲಿ 2,000 ಕೋಟಿ ರೂಪಾಯಿಯ 'ಮಿಷನ್ ಮೌಸಮ್' ಒಪ್ಪಿದ್ದರಲ್ಲಿ ಹೊಸ ರೇಡಾರ್‌ಗಳೂ ಸೇರಿವೆ. ಘಟ್ಟದ ಈಚೆ, ಕಿತ್ತೂರು ಸೀಮೆಯ ಮೇಲೆ ನೇರವಾಗಿ ಕಣ್ಣಿಡುವ ಒಂದು ಸಣ್ಣ ರೇಡಾರ್ ಕೇಳುವುದು ನಮ್ಮ ಜನಪ್ರತಿನಿಧಿಗಳಿಗೆ ಕಷ್ಟದ ಕೆಲಸವೇನಲ್ಲ.

'ಸಾಧಾರಣ ಮಳೆ'ಗೆ ಕೊಚ್ಚಿಹೋಗುವುದು

ರೇಡಾರ್, ಮಾದರಿ ಎರಡನ್ನೂ ಪಕ್ಕಕ್ಕಿಡೋಣ. ನಾವು ಬಳಸುವ ಮಾತಲ್ಲೇ ಒಂದು ಎಡವಟ್ಟಿದೆ.

ಹವಾಮಾನ ಇಲಾಖೆ ಮಳೆಯನ್ನು 24 ಗಂಟೆಯ ಲೆಕ್ಕದಲ್ಲಿ ವಿಂಗಡಿಸುತ್ತದೆ. 15.6ರಿಂದ 64.4 ಮಿ.ಮೀ.ವರೆಗೆ ಸಾಧಾರಣ ಮಳೆ, 64.5ರಿಂದ 115.5ರವರೆಗೆ ಭಾರಿ ಮಳೆ, ಅದರ ಮೇಲೆ ಅತಿ ಭಾರಿ. ಮುಂಗಾರಿನ ಜಡಿಮಳೆಗೆ, ನದಿಯ ನೆರೆಗೆ ಈ ಅಳತೆ ಸರಿ. ಮಲಪ್ರಭೆಯಂಥ ನದಿ ತುಂಬಲು ದಿನಗಟ್ಟಲೆ ಮಳೆ ಬೇಕು.

ಆದರೆ ಸಂಜೆ ಐದರಿಂದ ಆರರ ನಡುವೆ ಒಂದು ಗುಡ್ಡದ ಮೇಲೆ 60 ಮಿ.ಮೀ. ಸುರಿಯಿತು ಅಂತಿಟ್ಟುಕೊಳ್ಳಿ. ಮುಂದೆ 23 ಗಂಟೆ ಒಂದು ಹನಿ ಇಲ್ಲ. ದಿನದ ಪಟ್ಟಿಯಲ್ಲಿ ಅದು ದಾಖಲಾಗುವುದು 'ಸಾಧಾರಣ ಮಳೆ' ಅಂತ! ಗುಡ್ಡದ ಕೆಳಗಿನ ಹಳ್ಳದಲ್ಲಿ ಅದೇ ಮಳೆ ಏನು ಮಾಡುತ್ತದೆ ಅಂತ ಲೆಕ್ಕ ಹಾಕೋಣ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಲಿತದ್ದು ಇಂಥ ಕಡೆ ಉಪಯೋಗಕ್ಕೆ ಬರುತ್ತದೆ.

ಹಳ್ಳದ ಜಲಾನಯನ ಐದು ಚದರ ಕಿಲೋಮೀಟರ್ ಅಂತ ಹಿಡಿಯಿರಿ, ನಮ್ಮ ಭಾಗದ ಒಂದು ಚಿಕ್ಕ ಹಳ್ಳದಷ್ಟು. ಅದರ ಮೇಲೆ 60 ಮಿ.ಮೀ. ಬಿದ್ದರೆ ಒಟ್ಟು 30 ಕೋಟಿ ಲೀಟರ್ ನೀರು. ಇದರಲ್ಲಿ ಅರ್ಧ ಮಣ್ಣು ಕುಡಿಯಿತು, ಅರ್ಧ ಹರಿಯಿತು ಅಂದುಕೊಂಡರೂ, ಹರಿವು ಶಿಖರ ಮುಟ್ಟಿದಾಗ ಸೆಕೆಂಡಿಗೆ ಸುಮಾರು 42,000 ಲೀಟರ್. ಅಂದರೆ 12,000 ಲೀಟರಿನ ಟ್ಯಾಂಕರ್ ಮೂರೂವರೆ, ಪ್ರತಿ ಸೆಕೆಂಡಿಗೆ, ನಿನ್ನೆ ಕುರಿ ಮೇಯುತ್ತಿದ್ದ ಒಣ ಹಳ್ಳದಲ್ಲಿ.

ಮಣ್ಣು ಅರ್ಧ ಕುಡಿಯುತ್ತದೆ ಅನ್ನುವುದೂ ಉದಾರ ಲೆಕ್ಕವೇ. ಈ ಗುಡ್ಡಗಳು ಕಲಾದಗಿ ಶಿಲಾಸ್ತರದ ಮರಳುಗಲ್ಲು, ಬೆಣಚುಕಲ್ಲಿನವು. ಮೇಲೆ ಮಣ್ಣಿನ ಹೊದಿಕೆ ತೆಳು, ಬೇಸಿಗೆಯಲ್ಲಿ ಹುಲ್ಲೂ ಇರುವುದಿಲ್ಲ. ಕೆಳಗಿನ ಎರೆಭೂಮಿ ಬಿರುಕು ಬಿಟ್ಟಾಗ ಮೊದಲ ಮಳೆಯನ್ನು ಗಟಗಟ ಕುಡಿಯುತ್ತದೆ, ನಿಜ. ಆದರೆ ಒಮ್ಮೆ ನೆನೆದು ಉಬ್ಬಿತೆಂದರೆ ಬಿರುಕು ಮುಚ್ಚಿ, ನೀರು ಇಳಿಯದ ಹಾಸಾಗುತ್ತದೆ. ಹಾಗಾಗಿ ಎರಡನೆಯ, ಮೂರನೆಯ ಅಡ್ಡಮಳೆ ಮೊದಲನೆಯದಕ್ಕಿಂತ ಅಪಾಯಕಾರಿ. 2025ರ ಮೇ ತಿಂಗಳನ್ನು ನೆನಪಿಸಿಕೊಳ್ಳಿ: ರಾಜ್ಯದ ವಾಡಿಕೆ ಮಳೆ 74 ಮಿ.ಮೀ., ಬಿದ್ದದ್ದು 219 ಮಿ.ಮೀ. 125 ವರ್ಷಗಳಲ್ಲೇ ಅತಿ ಹೆಚ್ಚು ಮಳೆಯ ಮೇ ಅದು. ಅಂಥ ತಿಂಗಳಲ್ಲಿ ಜೂನ್ ಬರುವ ಮೊದಲೇ ನೆಲದ ಹೊಟ್ಟೆ ತುಂಬಿರುತ್ತದೆ.

ಇನ್ನು ವೇಳೆ. ಗುಡ್ಡದಿಂದ ಮೂರು ಕಿಲೋಮೀಟರ್ ಹರಿದು 120 ಮೀಟರ್ ಇಳಿಯುವ ಹಳ್ಳದಲ್ಲಿ, ತುದಿಯ ನೀರು ಕೆಳಗೆ ಮುಟ್ಟಲು ಸುಮಾರು ಅರ್ಧ ಗಂಟೆ ಸಾಕು. ಐದು ಕಿಲೋಮೀಟರ್ ಹರಿದು 100 ಮೀಟರ್ ಇಳಿಯುವುದಾದರೆ ಒಂದು ಗಂಟೆ. ನಮ್ಮ ಕಡೆ ನೆರೆ ಬಂತು ಅನ್ನುವುದಿಲ್ಲ, "ಹಳ್ಳ ಬಂತು" ಅನ್ನುತ್ತಾರೆ. ಇರದಿದ್ದ ಹಳ್ಳ ಎದ್ದು ಬರುವುದನ್ನು ಕಂಡವರ ಮಾತು ಅದು. ಕೆಳಗಿನ ಊರಲ್ಲಿ ಒಂದು ಹನಿ ಬಿದ್ದಿರುವುದಿಲ್ಲ, ಬಿಸಿಲೂ ಇರಬಹುದು. ಮೇಲೆ ಬಿದ್ದ ಮಳೆ ಕೆಂಪಗೆ, ಕಸಕಡ್ಡಿ ಹೊತ್ತು ಬರುತ್ತದೆ. ಒಂದಡಿ ಆಳದ ಹರಿವು ಸಣ್ಣ ಕಾರನ್ನು ಜರುಗಿಸಬಲ್ಲದು, ಎರಡಡಿ ಇದ್ದರೆ ಬಹುತೇಕ ವಾಹನಗಳನ್ನು ಒಯ್ಯಬಲ್ಲದು. ಬೈಕಿನವರ ಮಾತು ಬಿಡಿ.

ನಗರದಲ್ಲೂ ಇದೇ ಕತೆ. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ಸರ್ಕಲ್ ಅಂಡರ್‌ಪಾಸ್‌ನಲ್ಲಿ ಕಾರು ಮುಳುಗಿ 22 ವರ್ಷದ ಯುವತಿ ತೀರಿಕೊಂಡಾಗ ಬಿದ್ದದ್ದು ದಿನವಿಡೀ ಸುರಿದ ಮಳೆಯಲ್ಲ, ಸಂಜೆಗೆ ಮುಂಚಿನ ಒಂದು ಗುಡುಗು ಮಳೆ. ಗುಡ್ಡದ ಬುಡದ ಉದಾಹರಣೆ ಬೇಕೆಂದರೆ ತಮಿಳುನಾಡಿನ ಹಳೆ ಕುಟ್ರಾಲಂ. 2024ರ ಮೇ 17ರಂದು ಜನ ಜಲಪಾತದಲ್ಲಿ ಸ್ನಾನ ಮಾಡುತ್ತಿದ್ದಾಗ ಮೇಲಿನ ಬೆಟ್ಟದ ಮಳೆನೀರು ದಿಢೀರನೆ ನುಗ್ಗಿ, 17 ವರ್ಷದ ಹುಡುಗನೊಬ್ಬ ಕೊಚ್ಚಿಹೋದ. ಸೊಗಲದ ಜಲಪಾತಕ್ಕೆ, ಗೋಕಾಕಕ್ಕೆ, ನವಿಲುತೀರ್ಥಕ್ಕೆ ಮಕ್ಕಳನ್ನು ಕರೆದೊಯ್ಯುವ ನಮಗೆ ಇದು ದೂರದ ಸುದ್ದಿ ಅನಿಸಬಾರದು.

ಹಳ್ಳದ ಪಾತ್ರದಲ್ಲೇ ನಿಂತ ತಾಯಿ

ಎಲ್ಲಮ್ಮನ ಗುಡ್ಡವನ್ನೇ ತೆಗೆದುಕೊಳ್ಳಿ. 1884ರಲ್ಲಿ ಪ್ರಕಟವಾದ ಬೆಳಗಾವಿ ಜಿಲ್ಲೆಯ ಗೆಜೆಟಿಯರ್ ಈ ದೇವಸ್ಥಾನವನ್ನು ವರ್ಣಿಸುವಾಗ, ಅದು ಮಲಪ್ರಭೆಗೆ ಸೇರುವ ಸರಸ್ವತಿ ಎಂಬ ಹಳ್ಳದ ಪಾತ್ರದಲ್ಲಿದೆ ಎಂದು ಬರೆದಿದೆ. ಗುಡ್ಡಕ್ಕೆ ಹೋದವರಿಗೆ ಇದು ಕಣ್ಣಿಗೇ ಕಾಣುತ್ತದೆ: ಸುತ್ತ ಏರು, ನಡುವೆ ತಗ್ಗು, ತಗ್ಗಿನಲ್ಲಿ ಗುಡಿ. ಹೊಂಡ, ಬಾವಿಗಳೆಲ್ಲ ಅಲ್ಲಿರುವುದೂ ನೀರಿನ ದಾರಿ ಅದೇ ಆಗಿರುವುದರಿಂದ. ಹಿಂದಿನವರು ನೀರು ಇರುವ ಕಡೆ ದೇವರನ್ನು ಕಂಡರು. ಜೋರು ಮಳೆಯಾದಾಗ ನೀರು ತನ್ನ ಹಳೆ ದಾರಿ ಹುಡುಕಿಕೊಂಡು ಬಂದರೆ ಆಶ್ಚರ್ಯಪಡುವಂಥದ್ದೇನಿಲ್ಲ.

ಬನದ ಹುಣ್ಣಿಮೆ, ಭಾರತ ಹುಣ್ಣಿಮೆಯ ದೊಡ್ಡ ಜಾತ್ರೆಗಳು ಚಳಿಗಾಲ ಮುಗಿಯುವಷ್ಟರಲ್ಲಿ ಆಗುತ್ತವೆ, ಆಗ ಗುಡುಗು ಮಳೆಯ ಭಯ ಕಡಿಮೆ. ಆದರೆ ದವನದ ಹುಣ್ಣಿಮೆ ಬರುವುದು ಬೇಸಿಗೆಯಲ್ಲಿ. ಮಂಗಳವಾರ, ಶುಕ್ರವಾರ, ಶಾಲೆ ರಜೆಯ ದಿನಗಳಲ್ಲಂತೂ ಜನಕ್ಕೆ ಕೊರತೆಯಿಲ್ಲ. ಉತ್ತರ ಕರ್ನಾಟಕದಿಂದ, ಮಹಾರಾಷ್ಟ್ರದಿಂದ ಬಂದವರು ಬಯಲಲ್ಲಿ ಒಲೆ ಹೂಡಿ, ಹೋಳಿಗೆ ಮಾಡಿ, ಪಡ್ಡಲಗಿ ತುಂಬಿಸುತ್ತಾರೆ. ತಗ್ಗಿನಲ್ಲಿ ನೆರಳಿದೆ ಅಂತ ಗಾಡಿ ನಿಲ್ಲಿಸುತ್ತಾರೆ. ಅವರಿಗೆ ಈ ಗುಡ್ಡದ ನೀರಿನ ದಾರಿ ಗೊತ್ತಿರುವುದಿಲ್ಲ, ಗೊತ್ತಿರಬೇಕು ಅಂತಲೂ ಇಲ್ಲ.

2024ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಎಲ್ಲಮ್ಮನ ಗುಡ್ಡದ ಅಭಿವೃದ್ಧಿಗೆ 100 ಕೋಟಿ ರೂಪಾಯಿ ಒಪ್ಪಿದೆ. ಒಳ್ಳೆಯದು. ಶೌಚಾಲಯ, ವಸತಿ, ರಸ್ತೆ, ವಾಹನ ನಿಲುಗಡೆ ಎಲ್ಲವೂ ಬೇಕು. ಆದರೆ ಹಳ್ಳದ ಪಾತ್ರದಲ್ಲಿ ಕಾಂಕ್ರೀಟ್ ಸುರಿಯುವ ಮುಂಚೆ ಒಂದು ನಕ್ಷೆ ಸಾರ್ವಜನಿಕವಾಗಿ ಮುಂದಿಡಿ: ಒಂದು ಗಂಟೆಗೆ 60, 80, 100 ಮಿ.ಮೀ. ಬಿದ್ದರೆ ನೀರು ಎಲ್ಲಿಂದ ಹಾಯುತ್ತದೆ, ಎಷ್ಟು ಎತ್ತರ ಬರುತ್ತದೆ, ಎಲ್ಲಿ ಜನ ನಿಂತಿರುತ್ತಾರೆ? ಮಣ್ಣಿದ್ದ ಕಡೆ ಕಾಂಕ್ರೀಟ್ ಬಂದರೆ, ಹರಿಯುವ ನೀರಿನ ಪಾಲು ಅರ್ಧದಿಂದ ಒಂಬತ್ತಾಣೆ, ಹತ್ತಾಣೆಗೆ ಅಲ್ಲ, ಹದಿನಾಲ್ಕಾಣೆಗೆ ಏರುತ್ತದೆ. ಅಭಿವೃದ್ಧಿಯೇ ನೆರೆಯನ್ನು ದೊಡ್ಡದು ಮಾಡುವುದು ಹೀಗೆ.

ಆರು ಸಾವಿರ ಕಣ್ಣುಗಳು

ಈಗ ನಮ್ಮಲ್ಲೇ ಇರುವ ಸಲಕರಣೆಯ ಮಾತು. ಬರ ನಿಗಾಕ್ಕೆಂದೇ 1988ರಲ್ಲಿ ಒಂದು ಘಟಕ ಕಟ್ಟಿ ದೇಶಕ್ಕೆ ದಾರಿ ತೋರಿಸಿದ ರಾಜ್ಯ ನಮ್ಮದು. ಅದೇ ಬೆಳೆದು ಇವತ್ತಿನ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ, ಕೆಎಸ್‌ಎನ್‌ಡಿಎಂಸಿ. ಇದು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನು ಇಟ್ಟಿದೆ. 15 ನಿಮಿಷಕ್ಕೊಮ್ಮೆ ಲೆಕ್ಕ ಕೊಡುವ ಮಾಪಕಗಳು ಇವು. ರಾಜ್ಯದ ವಿಸ್ತೀರ್ಣಕ್ಕೆ ಭಾಗಿಸಿದರೆ ಹೆಚ್ಚು ಕಡಿಮೆ 30 ಚದರ ಕಿಲೋಮೀಟರಿಗೆ ಒಂದು, ಅಂದರೆ ಐದಾರು ಕಿಲೋಮೀಟರಿಗೆ ಒಂದು. ಒಂದು ಗುಡುಗು ಮೋಡದ ಅಗಲವೂ ಸುಮಾರು ಅಷ್ಟೇ! ರೇಡಾರಿಗೆ ಮಸುಕಾಗಿ ಕಾಣುವುದನ್ನು ನೆಲದ ಮೇಲಿನ ಡಬ್ಬಿ ನೇರವಾಗಿ ಅಳೆಯುತ್ತಿದೆ.

ಸಿಡಿಲಿಗೆ 'ಸಿಡಿಲು' ಆ್ಯಪ್ ಇದೆ, ಕೇಂದ್ರದ 'ದಾಮಿನಿ' ಇದೆ. ವರುಣಮಿತ್ರ ಸಹಾಯವಾಣಿಗೆ (92433 45433) ಫೋನ್ ಮಾಡಿದರೆ ಹಗಲು ರಾತ್ರಿ ಮಾಹಿತಿ ಸಿಗುತ್ತದೆ. ಹವಾಮಾನ ಇಲಾಖೆ 2020ರ ಅಕ್ಟೋಬರ್‌ನಿಂದ ದಕ್ಷಿಣ ಏಷ್ಯಾಕ್ಕೇ ದಿಢೀರ್ ಪ್ರವಾಹದ ಮುನ್ಸೂಚನಾ ವ್ಯವಸ್ಥೆ ನಡೆಸುತ್ತಿದೆ. 4 ಕಿಲೋಮೀಟರ್ ಚೌಕದಲ್ಲಿ, ನೆಲ ಎಷ್ಟು ನೆನೆದಿದೆ ಅನ್ನುವುದನ್ನೂ ಸೇರಿಸಿ, ಮುಂದಿನ 6 ಗಂಟೆ ಮತ್ತು 24 ಗಂಟೆಯ ಅಪಾಯ ಹೇಳುತ್ತದೆ. 2023ರ ಅಕ್ಟೋಬರ್‌ನಲ್ಲಿ ರಾಜ್ಯದ ಮೊಬೈಲುಗಳೆಲ್ಲ ಒಮ್ಮೆಲೇ ಕಿರುಚಿ ಪರೀಕ್ಷಾ ಸಂದೇಶ ತೋರಿಸಿದ್ದು ನೆನಪಿರಬಹುದು. ಆ ತಂತ್ರಜ್ಞಾನದಿಂದ ಬೇಕಾದ ಟವರ್‌ಗಳ ವ್ಯಾಪ್ತಿಗಷ್ಟೇ ಎಚ್ಚರಿಕೆ ಕಳಿಸಬಹುದು.

ಇಷ್ಟಿದ್ದೂ ಕೊರತೆ ಯಾವುದು? ಮೇಲಿನ ಗುಡ್ಡದ ಮಾಪಕ ಮತ್ತು ಕೆಳಗಿನ ಹಳ್ಳದ ದಂಡೆಯ ಮನುಷ್ಯ, ಇವರಿಬ್ಬರ ನಡುವಿನ ತಂತಿ. ಮಾಪಕದ ಲೆಕ್ಕ ಬೆಂಗಳೂರಿಗೆ ಹೋಗುತ್ತದೆ. ಅಲ್ಲಿಂದ ಜಿಲ್ಲೆ, ಜಿಲ್ಲೆಯಿಂದ ತಾಲ್ಲೂಕು, ತಾಲ್ಲೂಕಿನಿಂದ ಪಂಚಾಯಿತಿ. ಅರ್ಧ ಗಂಟೆಯಲ್ಲಿ ಬರುವ ಹಳ್ಳಕ್ಕೆ ಈ ಮೆಟ್ಟಿಲುಗಳನ್ನು ಹತ್ತಿ ಇಳಿಯುವಷ್ಟು ಪುರಸೊತ್ತಿಲ್ಲ.

ಇದು ನಮ್ಮೊಬ್ಬರ ಸಮಸ್ಯೆಯೂ ಅಲ್ಲ. 2025ರ ಜುಲೈ 4ರ ನಸುಕಿನಲ್ಲಿ ಅಮೆರಿಕದ ಟೆಕ್ಸಸ್‌ನ ಗುಡ್ಡಗಾಡಿನಲ್ಲಿ ಗ್ವಾಡಲುಪೆ ನದಿ ಉಕ್ಕಿ ನೂರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬೇಸಿಗೆ ಶಿಬಿರಕ್ಕೆ ಬಂದ ಹೆಣ್ಣುಮಕ್ಕಳಿದ್ದರು. ಜಗತ್ತಿನಲ್ಲೇ ದಟ್ಟವಾದ ರೇಡಾರ್ ಜಾಲ ಇರುವ ದೇಶ ಅದು. ಹವಾಮಾನ ಇಲಾಖೆಯ ಎಚ್ಚರಿಕೆಗಳೂ ಹೊರಟಿದ್ದವು. ಅತಿ ಹೆಚ್ಚು ಸಾವು ಕಂಡ ಕೆರ್ ಕೌಂಟಿಯಲ್ಲಿ ನದಿಯ ದಂಡೆಗೆ ಸೈರನ್ ಇರಲಿಲ್ಲ. ಮಲಗಿದ್ದವರನ್ನು ಎಬ್ಬಿಸುವವರು ಇರಲಿಲ್ಲ.

ಏನು ಮಾಡಬಹುದು?

ನಾಲ್ಕು ಕೆಲಸ. ಯಾವುದಕ್ಕೂ ಹೊಸ ಉಪಗ್ರಹ ಬೇಡ.

ಮೊದಲನೆಯದು, ಹಳ್ಳಗಳ ಪಟ್ಟಿ. ಯರಗಟ್ಟಿ, ಸವದತ್ತಿ, ರಾಮದುರ್ಗ, ಬೈಲಹೊಂಗಲ, ಕಿತ್ತೂರು ತಾಲ್ಲೂಕುಗಳಲ್ಲಿ ಗುಡ್ಡದಿಂದಿಳಿದು ರಸ್ತೆ ದಾಟುವ, ಊರು ತಾಗುವ ಹಳ್ಳಗಳು ಯಾವುವು, ಯಾವ ತಗ್ಗಿನ ಸೇತುವೆ ಮುಳುಗುತ್ತದೆ ಅನ್ನುವುದು ಪ್ರತಿ ಊರಿನ ಹಿರಿಯರಿಗೂ ಗೊತ್ತು. ಒಂದು ಗ್ರಾಮಸಭೆಯಲ್ಲಿ ಕೇಳಿ ಬರೆದುಕೊಂಡರೆ ಆಯಿತು.

ಎರಡನೆಯದು, ಪ್ರತಿ ಹಳ್ಳಕ್ಕೂ ಒಂದು ಅಂಕಿ. ಉದಾಹರಣೆಗೆ ಮೇಲಿನ ಮಾಪಕದಲ್ಲಿ 15 ನಿಮಿಷಕ್ಕೆ 15 ಮಿ.ಮೀ. ದಾಟಿದರೆ ಎಚ್ಚರಿಕೆ. ನೆಲ ಈಗಾಗಲೇ ನೆನೆದಿದ್ದರೆ ಆ ಅಂಕಿ ಇನ್ನೂ ಕಡಿಮೆ. ಇಷ್ಟೇ ಸರಿ ಅಂತ ನಾನು ಹೇಳುತ್ತಿಲ್ಲ. ಮಾಪಕಗಳ ಹಳೆಯ ಲೆಕ್ಕವನ್ನೂ ಊರಿನವರ ನೆನಪನ್ನೂ ಹೊಂದಿಸಿ ಒಬ್ಬೊಬ್ಬ ಎಂಜಿನಿಯರ್ ಒಂದು ಬೇಸಿಗೆಯಲ್ಲಿ ಮಾಡಿ ಮುಗಿಸಬಹುದಾದ ಕೆಲಸ. ಬೆಳಗಾವಿಯಲ್ಲೇ ತಾಂತ್ರಿಕ ವಿಶ್ವವಿದ್ಯಾಲಯ ಇದೆ. ವಿದ್ಯಾರ್ಥಿಗಳಿಗೆ ಪ್ರಾಜೆಕ್ಟ್ ಬೇಕು, ನಮಗೆ ಲೆಕ್ಕ ಬೇಕು.

ಮೂರನೆಯದು, ನಡುವೆ ಮೇಜು ಬೇಡ. ಅಂಕಿ ದಾಟಿದ ಕೂಡಲೇ ಸಂದೇಶ ಕಂಪ್ಯೂಟರಿನಿಂದ ನೇರ ಕೆಳಗಿನ ಊರಿನ ಪಿಡಿಒ, ವಾಟರ್‌ಮನ್, ಶಾಲೆಯ ಹೆಡ್‌ಮಾಸ್ತರರು, ಗುಡಿಯ ಮೈಕ್ ಇರುವವರ ಫೋನಿಗೆ ಹೋಗಲಿ. ಅದೂ ಅಕ್ಷರದ ಸಂದೇಶವಲ್ಲ, ರಿಂಗ್ ಆಗುವ ಧ್ವನಿ ಕರೆ. ಮಾತು ಒಂದೇ ವಾಕ್ಯ: "ಗುಡ್ಡದಾಗ ಜೋರ ಮಳಿ ಆಗೇತಿ, ಅರ್ಧ ತಾಸಿನಾಗ ಹಳ್ಳ ಬರತೈತಿ, ದಾಟಬ್ಯಾಡ್ರಿ." ಡಂಗುರ ಸಾರಿ ಕಸದ ತೆರಿಗೆ ಕೇಳುವ ಪಂಚಾಯಿತಿಗೆ ಇದನ್ನೂ ಸಾರಲು ಬರುತ್ತದೆ.

ನಾಲ್ಕನೆಯದು, ಹಳ್ಳದ ದಂಡೆಯಲ್ಲಿ ಒಂದು ಸರಪಳಿ, ಒಂದು ಕೆಂಪು ದೀಪ, ಒಂದು ಅಳತೆ ಕಂಬ. ಎಲ್ಲಮ್ಮನ ಗುಡ್ಡದಲ್ಲಿ ಇವುಗಳ ಜೊತೆ ಸೈರನ್. ಜೊತೆಗೆ ಉದ್ಯೋಗ ಖಾತರಿಯ ಹೂಳು ತೆಗೆಯುವ ಕೆಲಸ ಹೆಚ್ಚು ನಡೆಯುವುದೂ ಇದೇ ತಿಂಗಳುಗಳಲ್ಲಿ. ಕೂಲಿಕಾರರನ್ನು ಹಳ್ಳದೊಳಗೆ, ಬಯಲೊಳಗೆ ಇಳಿಸುವ ದಿನ ಮಧ್ಯಾಹ್ನ ಎರಡರ ಮೇಲೆ ಆಕಾಶ ನೋಡುವ ಹೊಣೆ ಒಬ್ಬರ ಮೇಲಿರಲಿ. 2022ರಲ್ಲಿ ದೇಶದಲ್ಲಿ ಸಿಡಿಲಿಗೆ ಸತ್ತವರು 2,887 ಜನ, ಎನ್‌ಸಿಆರ್‌ಬಿ ದಾಖಲೆಯಂತೆ. ಪ್ರಕೃತಿ ವಿಕೋಪದ ಸಾವುಗಳಲ್ಲಿ ಮೂರರಲ್ಲೊಂದಕ್ಕಿಂತ ಹೆಚ್ಚು. ಹೊಲದಲ್ಲಿ ಇದ್ದವರು, ಮರದ ಕೆಳಗೆ ನಿಂತವರೇ ಇದಕ್ಕೆ ಹೆಚ್ಚಾಗಿ ಬಲಿಯಾಗುವುದು.

"ಸುಳ್ಳ ಸುಳ್ಳ ಓಡಿಸ್ತಾರ" ಅಂದರೆ?

ಇದಕ್ಕೆ ಬರುವ ಆಕ್ಷೇಪ ಗೊತ್ತು. ಹತ್ತು ಸಲ ಕರೆ ಬಂದು ಎಂಟು ಸಲ ಹಳ್ಳ ಬರದಿದ್ದರೆ ಜನ ನಂಬುವುದು ಬಿಡುತ್ತಾರೆ. ನಿಜ. ಆದರೆ ಜಿಲ್ಲೆಯ ಹೆಸರಲ್ಲಿ ದಿನಾ ಬರುವ ಹಳದಿ ಎಚ್ಚರಿಕೆಯನ್ನು ಜನ ಈಗಲೇ ನಂಬುವುದು ಬಿಟ್ಟಿದ್ದಾರಲ್ಲ! ಒಂದು ಹಳ್ಳಕ್ಕೆ ವರ್ಷದಲ್ಲಿ ನಾಲ್ಕೈದು ಸಲ, ಮೇಲೆ ನಿಜವಾಗಿ ಮಳೆ ಬಿದ್ದಾಗ ಮಾತ್ರ ಬರುವ ಕರೆಗೆ ಬೆಲೆ ಬೇರೆ. ಹಳ್ಳ ಬರದಿದ್ದರೂ "ಗುಡ್ಡದಾಗ ಮಳಿ ಆಗಿದ್ದು ಖರೆ" ಅಂತ ಕಣ್ಣಾರೆ ಕಾಣುತ್ತದೆ. ತಪ್ಪಿದರೆ ಆಗುವ ನಷ್ಟ ಒಂದು ತಾಸು ಕಾಯುವುದು. ಸರಿಯಾಗಿದ್ದು ಕೇಳದಿದ್ದರೆ ಆಗುವ ನಷ್ಟ ಒಂದು ಮನೆ ಕತ್ತಲಾಗುವುದು.

ಇನ್ನೊಂದು ಆಕ್ಷೇಪ, ಬರದ ನಾಡಿಗೆ ನೆರೆಯ ಮಾತೇಕೆ ಅನ್ನುವುದು. ವರ್ಷಕ್ಕೆ 550 ಮಿ.ಮೀ. ಮಳೆಯ ಸೀಮೆಯಲ್ಲಿ ಒಂದೇ ಗಂಟೆಗೆ 60 ಮಿ.ಮೀ. ಬಂದರೆ ವರ್ಷದ ಮಳೆಯಲ್ಲಿ ಹತ್ತರಲ್ಲೊಂದು ಪಾಲು ಹೋಯಿತು. ಬರ ಮತ್ತು ದಿಢೀರ್ ನೆರೆ ಒಂದೇ ಊರಿನ ಎರಡು ಕಷ್ಟ. ಹಳ್ಳದ ಮೇಲ್ಭಾಗದಲ್ಲಿ ಬದು, ಚೆಕ್‌ಡ್ಯಾಮ್, ಹುಲ್ಲು ಇದ್ದರೆ ಎರಡಕ್ಕೂ ಒಂದೇ ಮದ್ದು.

ಅಡ್ಡಮಳೆಯನ್ನು ವೈರಿ ಮಾಡಲು ನಾನು ಹೊರಟಿಲ್ಲ. ಭರಣಿ ಸುರಿದರೆ ಧರಣಿ ಬದುಕೀತು ಅಂತ ನಂಬಿದವರು ನಾವು. ಅಶ್ವಿನಿ, ಭರಣಿ, ಕೃತ್ತಿಕಾ ಮಳೆ ಆಗದಿದ್ದರೆ ನೇಗಿಲು ಇಳಿಯುವುದಿಲ್ಲ, ದನಕ್ಕೆ ಹಸಿರು ಕಾಣುವುದಿಲ್ಲ. ಮಳೆ ಬರಲಿ. ಬರುವ ಮಳೆ ಯಾವ ಗುಡ್ಡದ ಮೇಲೆ ಬಿತ್ತು, ಯಾವ ಹಳ್ಳಕ್ಕೆ ಎಷ್ಟು ಹೊತ್ತಿಗೆ ಇಳಿಯುತ್ತದೆ ಅನ್ನುವುದನ್ನು ಕೆಳಗಿದ್ದವರಿಗೆ ಹೇಳುವ ಒಂದು ಫೋನ್ ಕರೆ ಮಾತ್ರ ಅದಕ್ಕಿಂತ ಮುಂಚೆ ಬರಲಿ.

ಯರಗಟ್ಟಿ ಸರ್ಕಲ್‌ನ ಪ್ರಶ್ನೆಗೆ ಉತ್ತರ "ಜಿಲ್ಲೆಯ ಅಲ್ಲಲ್ಲಿ" ಅಂತ ಇರಬಾರದು. "ನಿಮ್ಮೂರ ಹಳ್ಳಕ್ಕ, ಇನ್ನ ಅರ್ಧ ತಾಸಿನಾಗ" ಅಂತಿರಬೇಕು. ಆ ಉತ್ತರ ಕೊಡಲು ಬೇಕಾದ ಡಬ್ಬಿ ಈಗಾಗಲೇ ಪಂಚಾಯಿತಿಗಳಲ್ಲಿ ನಿಂತು, 15 ನಿಮಿಷಕ್ಕೊಮ್ಮೆ ಮಳೆ ಎಣಿಸುತ್ತಿದೆ.